ಮಣಿ ಹೇಳೋದೊಂದು, ಸ್ಕ್ಯಾನ್ ಹೇಳೋದೊಂದು: ವೆರಿಕೊಸೀಲ್‌ನಲ್ಲಿ ವೃಷಣದ ಗಾತ್ರಕ್ಕೆ ಯಾವುದನ್ನು ಹಿಡಿಯಬೇಕು?

ಯೂರೋ ಪಿಜಿ: 13 ವರ್ಷದ ಹುಡುಗ, ಎಡಗಡೆ ಗ್ರೇಡ್ 3 (ಕಣ್ಣಿಗೇ ಕಾಣುವಷ್ಟು) ವೆರಿಕೊಸೀಲ್, ಅಂದರೆ ವೃಷಣದ ಸುತ್ತಲಿನ ರಕ್ತನಾಳಗಳ ಊತ; ನೋವಿಲ್ಲ. ಪ್ರೇಡರ್ ಮಣಿಗಳಲ್ಲಿ (ವೃಷಣದ ಜೊತೆ ಕೈಯಲ್ಲಿ ಹೋಲಿಸಿ ನೋಡುವ, ಗೊತ್ತಾದ ಗಾತ್ರದ ಮಣಿಗಳ ಸರ) ಬಲ 12, ಎಡ 10 ಮಿಲಿ. ಸ್ಕ್ಯಾನ್‌ನಲ್ಲಿ ಬಲ 7.8, ಎಡ 5.8. ಮಣಿ ಲೆಕ್ಕಕ್ಕೆ ಎಡಗಡೆ ಶೇ. 17 ಚಿಕ್ಕದು, ಸ್ಕ್ಯಾನ್ ಲೆಕ್ಕಕ್ಕೆ ಶೇ. 25. ಶಸ್ತ್ರಚಿಕಿತ್ಸೆ ಯೋಚಿಸುವ ಶೇ. 20ರ ಗಡಿ ಎರಡರ ನಡುವೆ ಬಿದ್ದಿದೆ. ಯಾವುದನ್ನು ನಂಬಲಿ ಸರ್?

ಮಕ್ಕಳ ಯೂರಾಲಜಿ: ವರದಿಯಲ್ಲಿರುವ ಮೂರು ಅಳತೆ (ಉದ್ದ, ಅಗಲ, ದಪ್ಪ) ಹಾಕಿ. ಬರೀ ಮಿಲಿ ನೋಡಿ ಏನೂ ಹೇಳಲಾಗದು.

ಯೂರೋ ಪಿಜಿ: ಬಲ 36 × 22 × 19 ಮಿಮೀ. ಎಡ 33 × 20 × 17.

ಮಕ್ಕಳ ಯೂರಾಲಜಿ: ಹಾಗಾದರೆ ಯಂತ್ರ ಮೂರೂ ಅಳತೆಗಳ ಗುಣಲಬ್ಧವನ್ನು 0.52ರಿಂದ ಗುಣಿಸಿದೆ. ಅದರ ಬದಲು ಲ್ಯಾಂಬರ್ಟ್ ಸೂತ್ರದ 0.71 ಹಾಕಿ: ಬಲ 10.7, ಎಡ 8.0. ದೇಹದಿಂದ ತೆಗೆದ ವೃಷಣವನ್ನು ನೀರಲ್ಲಿ ಮುಳುಗಿಸಿ ಅಳೆದ ನಿಜವಾದ ಗಾತ್ರಕ್ಕೆ ಇದೇ ಹತ್ತಿರ. ಆದರೆ ಗಮನಿಸಿ, ಈ ಎರಡರಲ್ಲಿ ಯಾವ ಸೂತ್ರ ಹಾಕಿದರೂ ಎರಡೂ ಬದಿಯ ವ್ಯತ್ಯಾಸ ಶೇ. 25 ಆಗಿಯೇ ಉಳಿಯುತ್ತದೆ.

ಇನ್ನು ಮಣಿ. 1ರಿಂದ 6ರವರೆಗೆ ಒಂದೊಂದು ಮಿಲಿ, ಆಮೇಲೆ 8, 10, 12, 15, 20, 25. ಬಲ 12 ಇದ್ದಾಗ ಎಡಕ್ಕೆ ಕೆಳಗಿನ ಮಣಿ 10 ಹಿಡಿದರೆ ಶೇ. 17, ಅದರ ಕೆಳಗಿನ 8 ಹಿಡಿದರೆ ಶೇ. 33. ನಡುವೆ ಮಣಿಯೇ ಇಲ್ಲ! ಶೇ. 20 ಹೌದೋ ಅಲ್ಲವೋ ಎಂದು ಈ ಉಪಕರಣದಿಂದ ಕೇಳುವುದೇ ತಪ್ಪು. ಜೊತೆಗೆ ಚರ್ಮ, ಎಪಿಡಿಡೈಮಿಸ್ (ವೃಷಣಕ್ಕೆ ಅಂಟಿಕೊಂಡಿರುವ ವೀರ್ಯಾಣು ನಾಳ) ಎರಡೂ ಬೆರಳಿಗೆ ಸಿಕ್ಕು ಗಾತ್ರ ಹೆಚ್ಚು ತೋರುತ್ತದೆ. ವೃಷಣ ಚಿಕ್ಕದಾದಷ್ಟೂ ಈ ತಪ್ಪು ದೊಡ್ಡದು. ಹೈಡ್ರೋಸೀಲ್ (ವೃಷಣದ ಸುತ್ತ ನೀರು ತುಂಬಿರುವುದು) ಇದ್ದರಂತೂ ಮಣಿ ಮುಟ್ಟಬೇಡಿ. 4 ಮಿಲಿ ದಾಟಿತೇ, ಪ್ರೌಢಾವಸ್ಥೆ ಶುರುವಾಯಿತೇ ಎಂದು ನೋಡಲು ಮಾತ್ರ ಅದಕ್ಕಿಂತ ಸುಲಭದ ಸಾಧನ ಇನ್ನೊಂದಿಲ್ಲ.

ಸ್ಕ್ಯಾನ್ ರೂಮು: ಸ್ಕ್ಯಾನನ್ನೂ ಕಣ್ಣುಮುಚ್ಚಿ ನಂಬಬೇಡಿ. ಎಡಗಡೆಯ ಆ 17 ಮಿಮೀ ನಿಜಕ್ಕೂ 19 ಆಗಿದ್ದರೆ ವ್ಯತ್ಯಾಸ ಶೇ. 17ಕ್ಕೆ ಇಳಿಯುತ್ತದೆ. ಎರಡು ಮಿಲಿಮೀಟರ್, ಅಷ್ಟೇ. ಪ್ರೋಬ್ ಸ್ವಲ್ಪ ಒತ್ತಿದರೂ ಮೊದಲು ಕುಗ್ಗುವುದು ಮುಂದಿನಿಂದ ಹಿಂದಿನ ಈ ಅಳತೆಯೇ. ಜೆಲ್ ಧಾರಾಳವಾಗಿ ಹಾಕಿ ಪ್ರೋಬ್ ತೇಲಿದಂತೆ ಹಿಡಿಯಬೇಕು. ಜೆಲ್ ಬೆಚ್ಚಗಿರಲಿ; ತಣ್ಣಗಿದ್ದರೆ ವೃಷಣ ಮೇಲಕ್ಕೆ ಸರಿದು ಉದ್ದ ಓರೆಯಾಗಿ ಬರುತ್ತದೆ. ಉದ್ದ ತೆಗೆಯುವಾಗ ಎಪಿಡಿಡೈಮಿಸ್ ತಲೆ ಸೇರಿಸಬೇಡಿ. ಅಗಲ, ದಪ್ಪ ಎರಡನ್ನೂ ನಟ್ಟನಡುವಿನ ಅಡ್ಡ ಚಿತ್ರದಲ್ಲೇ ತೆಗೆಯಿರಿ. ಪ್ರತಿ ಬದಿಗೂ ಮೂರು ಸಲ, ಪ್ರತಿ ಸಲ ಪ್ರೋಬ್ ಎತ್ತಿ ಹೊಸದಾಗಿ ಅಳೆದು ಸರಾಸರಿ ಹಿಡಿಯಿರಿ.

ಯೂರೋ ಪಿಜಿ: ಆರು ತಿಂಗಳ ಹಿಂದೆ ಬೇರೆ ಕಡೆ ಮಾಡಿಸಿದ್ದರಲ್ಲಿ ಎಡ 7.7 ಮಿಲಿ ಅಂತಿದೆ. 5.8ಕ್ಕೆ ಕುಗ್ಗಿತು ಅಂತಲೇ?

ಮಕ್ಕಳ ಯೂರಾಲಜಿ: ಅವರು 0.71 ಬಳಸಿದ್ದರೆ, 7.7ನ್ನು 0.71ರಿಂದ ಭಾಗಿಸಿ 0.52ರಿಂದ ಗುಣಿಸಿ. 5.6 ಬರುತ್ತದೆ. ಅಂದರೆ ಕುಗ್ಗಿಲ್ಲ. ಅಲ್ಲಿಂದಲೂ ಮೂರು ಅಳತೆ ತರಿಸಿ, ಬಲಗಡೆಯದನ್ನೂ ಸೇರಿಸಿ. ಪ್ರೌಢಾವಸ್ಥೆಯಲ್ಲಿ ಒಂದು ಬದಿ ಹಿಂದೆ ಬಿದ್ದು ಆಮೇಲೆ ಸಮನಾಗುವುದೂ ಉಂಟು, ಒಂದೇ ಸ್ಕ್ಯಾನ್ ಮೇಲೆ ಆಪರೇಷನ್ ಬರೆಯಬೇಡಿ. ಇನ್ನಾರು ತಿಂಗಳಿಗೆ ಅದೇ ಯಂತ್ರ, ಅದೇ ಸೂತ್ರ, ಸಾಧ್ಯವಾದರೆ ಅದೇ ಕೈಯಲ್ಲಿ ಮತ್ತೆ ಅಳೆಸಿ.