ಸಹಾಯ ಬೇಕು: ವಾಪಸ್ ಹೋಗ್ತೀನಿ ಅನ್ನೋರ ಹತ್ರ ಹೇಗೆ ಮಾತಾಡ್ತೀರಾ?

ಎಲ್ರಿಗೂ ನಮಸ್ಕಾರ. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬರೋ ಹೆಂಗಸರ ಶೆಲ್ಟರಲ್ಲಿ ಕ್ರೈಸಿಸ್ ಕೌನ್ಸೆಲರ್ ಆಗಿದೀನಿ, ಇದೇ ಕೆಲಸದಲ್ಲಿ ಅನುಭವ ಇರೋರು ದಯವಿಟ್ಟು ಹೇಳಿ.

ಬಂದವರನ್ನ ಕೂರ್ಸಿ ನೀರು ಕೊಡೋದು, ಪೆಟ್ಟಾಗಿದ್ರೆ ಡಾಕ್ಟರ್ ಹತ್ರ ಕಳ್ಸೋದು, ಫೋನಲ್ಲಿ ಲೊಕೇಶನ್ ಆಫ್ ಮಾಡ್ಸೋದು ಎಲ್ಲ ರೂಢಿ ಆಗಿದೆ. ಅವನಿಂದ ಜೀವಕ್ಕೆ ಎಷ್ಟು ಅಪಾಯ ಇದೆ ಅಂತ ಅಳೆಯೋ ಡೇಂಜರ್ ಅಸೆಸ್‌ಮೆಂಟ್‌ನ 20 ಪ್ರಶ್ನೆನೂ ಕೇಳ್ತೀವಿ. ಕತ್ತು ಹಿಸುಕಿದ್ನಾ ಅಂತ ಕೇಳ್ದಾಗ ಎಷ್ಟೋ ಜನ "ಹೂಂ ಮೇಡಂ, ಆದ್ರೆ ಗಾಯ ಏನೂ ಆಗ್ಲಿಲ್ಲ" ಅಂತಾರೆ, ಆದ್ರೆ ಹೊರಗೆ ಗುರುತು ಕಾಣ್ದೆ ಇದ್ರೂ ಒಳಗೆ ಪೆಟ್ಟಾಗಿರಬಹುದು, ಮುಂದೆ ಜೀವಕ್ಕೇ ಅಪಾಯ ಇದೆ ಅನ್ನೋದಕ್ಕೆ ಅದು ತುಂಬಾ ದೊಡ್ಡ ಸೂಚನೆ.

ನಂಗೆ ಕಷ್ಟ ಆಗ್ತಿರೋದು ಇದೆಲ್ಲ ಆದ್ಮೇಲೂ "ನಾನು ವಾಪಸ್ ಹೋಗ್ತೀನಿ" ಅಂದಾಗ. ಮಕ್ಕಳು, ದುಡ್ಡು, ಅವನ ಬೆದರಿಕೆ ಎಲ್ಲಾ ಸೇರಿರುತ್ತೆ, ಬಿಟ್ಟು ಬಂದ ಹೊಸತರಲ್ಲೇ ಅಪಾಯ ಜಾಸ್ತಿ ಆಗೋದು ಹಾಗಾಗಿ ಅವರ ಹೆದರಿಕೆ ಸುಳ್ಳೂ ಅಲ್ಲ. ಬೇಡ ಅಂತ ಒತ್ತಾಯ ಮಾಡಿದ್ರೆ ಅಲ್ಲಿ ಅವನು ಕಿತ್ಕೊಂಡಿದ್ದ ನಿರ್ಧಾರನ ಇಲ್ಲಿ ನಾವೂ ಕಿತ್ಕೊಂಡಂಗೆ, ಅದನ್ನ ನಾನು ಮಾಡಲ್ಲ. ಸೇಫ್ಟಿ ಪ್ಲ್ಯಾನ್ ಮಾಡಿ ಕೊಡ್ತೀನಿ, ದಾಖಲೆಗಳ ಕಾಪಿ ಎಲ್ಲಿಡ್ಬೇಕು, ಯಾರಿಗೆ ಯಾವ ಕೋಡ್ ವರ್ಡ್ ಹೇಳಿದ್ರೆ ಪೊಲೀಸ್‌ಗೆ ಫೋನ್ ಮಾಡ್ತಾರೆ, ಜಗಳ ಶುರುವಾದ್ರೆ ಅಡುಗೆಮನೆ ಕಡೆ ಹೋಗ್ಬಾರ್ದು, ಹೀಗೆ.

ಆದ್ರೆ ಹೊರಡೋ ಹೊತ್ತಲ್ಲಿ ಏನು ಹೇಳ್ತೀರಾ? ಮತ್ತೆ ಬರೋಕೆ ಅವರಿಗೆ ನಾಚಿಕೆ ಆಗ್ದೇ ಇರೋ ಹಾಗೆ ಯಾವ ಮಾತು ಕೆಲಸ ಮಾಡಿದೆ? ಇನ್ನೊಂದು, ನೈಟ್ ಶಿಫ್ಟ್ ಮುಗಿಸಿ ಹೋದ್ಮೇಲೆ ಅವರು ಹೇಳಿದ್ದೇ ತಲೇಲಿ ಓಡ್ತಿರುತ್ತೆ, ನಿದ್ದೆ ಬರಲ್ಲ, ನಿಮ್ ಕಡೆ ಸೂಪರ್‌ವಿಷನ್ (ಸೀನಿಯರ್ ಹತ್ರ ಕೂತು ಕೇಸ್ ಬಗ್ಗೆ, ನಮ್ಮ ಮನಸ್ಸಿನ ಭಾರದ ಬಗ್ಗೆ ಮಾತಾಡೋದು) ಹೇಗೆ ನಡೆಯುತ್ತೆ ಅದನ್ನೂ ಸ್ವಲ್ಪ ಬರೀರಿ.