ಪದಚರ್ಚೆ: ‘ಕಾಯ್ದಿರಿಸಿ’ ಬಟನ್‌ಗೆ ಬೇರೆ ಮಾತು ಬೇಕು

ಗೆಳೆಯರೇ,

ಯಂತ್ರ ಬಳಸುವ ಹೊತ್ತನ್ನು ಮೊದಲೇ ಗೊತ್ತುಪಡಿಸಿಕೊಳ್ಳುವ ಒಂದು ವೆಬ್‌ಸೈಟಿನ ಬಟನ್ ಮೇಲೆ ಬರೆಯಲು ಒಂದು ಮಾತು ಬೇಕಾಗಿದೆ. ಹಿನ್ನೆಲೆ ಹೇಳದೆ ಕೇಳಿದರೆ ‘ಬುಕ್ ಮಾಡಿ ಅಂತ ಹಾಕಿಬಿಡಿ’ ಎಂದು ಉತ್ತರ ಬರುತ್ತದೆ. ಅದಕ್ಕೇ ನಡೆದದ್ದನ್ನು ಮೊದಲು ಹೇಳುತ್ತೇನೆ.

ನಾನು ಧಾರವಾಡದ ಕಡೆ ಒಂದು ಪಾಲಿಟೆಕ್ನಿಕ್‌ನಲ್ಲಿ ಕಲಿಸುತ್ತೇನೆ. ನಮ್ಮ ವರ್ಕ್‌ಶಾಪಿನಲ್ಲಿ ಎರಡು ಲೇತ್, ಟಿಗ್ ವೆಲ್ಡಿಂಗ್ ಸೆಟ್, ಹಲಗೆ ಹೆರೆಯುವ ಥಿಕ್ನೆಸರ್, ಲೇಸರ್ ಕಟರ್, 3ಡಿ ಪ್ರಿಂಟರ್ ಇವೆ. ವಿದ್ಯಾರ್ಥಿಗಳಷ್ಟೇ ಅಲ್ಲ, ಸುತ್ತಲಿನ ಬಡಿಗೇರರು, ಫ್ಯಾಬ್ರಿಕೇಶನ್ ಅಂಗಡಿಯವರು ಶನಿವಾರ ಬಂದು ಇವನ್ನು ಬಳಸುತ್ತಾರೆ. ಯಾವ ಯಂತ್ರ ಯಾರಿಗೆ, ಯಾವ ಹೊತ್ತಿಗೆ ಎಂಬುದಕ್ಕೆ ಇಷ್ಟು ವರ್ಷ ಸ್ಟೋರ್ ಕಿಟಕಿಗೆ ದಾರ ಕಟ್ಟಿ ತೂಗುಹಾಕಿದ ಒಂದು ನೋಟ್‌ಬುಕ್ಕು ಇತ್ತು. ಈ ಸಲ ಕೊನೆಯ ವರ್ಷದ ನಾಲ್ವರು ಅದರ ಬದಲಿಗೆ ಒಂದು ವೆಬ್‌ಸೈಟ್ ಕಟ್ಟಿದ್ದಾರೆ, ಪೂರ್ತಿ ಕನ್ನಡದಲ್ಲಿ. ಆ ನಾಲ್ವರ ಬಗ್ಗೆ ನನಗೆ ತುಂಬ ಹೆಮ್ಮೆ.

ಕಟ್ಟಿದ ಮೇಲೆ ಜನರ ಕೈಗೆ ಕೊಟ್ಟು ನೋಡಬೇಕಲ್ಲ. ಐದು ಜನರ ಮುಂದಿಟ್ಟರೆ ತೊಡಕುಗಳಲ್ಲಿ ಹೆಚ್ಚಿನವು ಕಾಣಿಸಿಕೊಳ್ಳುತ್ತವೆ ಎಂದು, ವೆಬ್‌ಸೈಟುಗಳು ಬಳಸಲು ಎಷ್ಟು ಸುಲಭ ಎಂಬುದನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2000ರಲ್ಲಿ ಬರೆದದ್ದು ಈ ಕೆಲಸದವರಿಗೆಲ್ಲ ಗೊತ್ತು. ಅವರ ಲೆಕ್ಕದಲ್ಲಿ ಒಬ್ಬರಿಂದ ಸುಮಾರು 31% ತೊಡಕುಗಳು ಗೊತ್ತಾಗುತ್ತವೆ, ಐವರಿಂದ ಸುಮಾರು 85%. ಒಂದೇ ಸಲ ಹದಿನೈದು ಜನರನ್ನು ಕೂರಿಸುವುದಕ್ಕಿಂತ ಐದೈದು ಜನರಂತೆ ಮೂರು ಸಲ, ನಡುವೆ ತಿದ್ದುತ್ತಾ ಹೋಗುವುದು ಒಳ್ಳೆಯದು ಎಂಬುದೇ ಅವರ ಮಾತಿನ ತಿರುಳು. ನಾವೂ ಐವರನ್ನು ಕರೆದೆವು: ಇಬ್ಬರು ವಿದ್ಯಾರ್ಥಿಗಳು, ಒಬ್ಬರು ಇನ್‌ಸ್ಟ್ರಕ್ಟರ್, ಒಬ್ಬರು ವೆಲ್ಡಿಂಗ್ ಅಂಗಡಿಯವರು, ಒಬ್ಬರು ಹಿರಿಯ ಬಡಿಗೇರರು.

ಬಡಿಗೇರರು ಫೋನಿನಲ್ಲಿ ತಾಣ ತೆರೆದರು. ಥಿಕ್ನೆಸರ್ ಆರಿಸಿದರು, ಶನಿವಾರ ಆರಿಸಿದರು, ಹತ್ತು ಗಂಟೆ ಆರಿಸಿದರು. ಕೆಳಗೆ ಹಸಿರು ಬಟನ್ ಬಂತು, ‘ಕಾಯ್ದಿರಿಸಿ’ ಎಂದು. ಅವರು ಫೋನನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ಹುಡುಗರಿಗೆ ನಾನೇ ಹೇಳಿಕೊಟ್ಟಿದ್ದೆ, ನಡುವೆ ಬಾಯಿ ಹಾಕಬಾರದು, ಕೈ ತೋರಿಸಬಾರದು ಎಂದು. ಎರಡು ನಿಮಿಷ ಆಯಿತು. ಕೊನೆಗೆ ಒಬ್ಬಳು ತಡೆಯಲಾರದೆ ‘ಯಾಕ್ರಿ ಕಾಕಾ, ನಿಂತ್ರಿ?’ ಎಂದು ಕೇಳಿದಳು. ಅವರು ಹೇಳಿದರು: ‘ಕಾಯ್ರಿ ಅಂತ ಬರದೈತಲ್ರಿ. ಅದಕ್ಕ ಕಾಯಾಕತ್ತೀನಿ.’

ಅವರು ತಪ್ಪು ಓದಿದರೆಂದು ನನಗೆ ಅನ್ನಿಸುವುದಿಲ್ಲ. ‘ಕಾಯ್ದಿರಿ’ ಎಂದರೆ ಕಾಯುತ್ತಿರಿ. ‘ಕಾಯ್ದಿರಿಸಿ’ ಎಂದರೆ ಕಾದು ಇಡಿ, ಬೇರೆಯವರ ಪಾಲಾಗದಂತೆ ಇಡಿ. ನಡುವೆ ಇರುವುದು ಒಂದು ‘ಸಿ’. ಮೊಬೈಲಿನ ಸಣ್ಣ ಅಕ್ಷರದಲ್ಲಿ, ಕನ್ನಡಕ ಮರೆತು ಬಂದವರ ಕಣ್ಣಿಗೆ, ಆ ‘ಸಿ’ ಎಷ್ಟು ಭಾರ ಹೊರಬಲ್ಲದು? ಮೇಲಾಗಿ ಕಾಯು ಎಂಬ ಧಾತುವೇ ಹಲವು ಕೆಲಸ ಮಾಡುತ್ತದೆ. ದನ ಕಾಯುತ್ತೇವೆ, ಹೊಲ ಕಾಯುತ್ತೇವೆ, ಬಸ್ಸಿಗೆ ಕಾಯುತ್ತೇವೆ, ಒಲೆಯ ಮೇಲೆ ನೀರು ಕಾಯುತ್ತದೆ. ಕಬ್ಬಿಣ ಕಾಯಿಸುವ ಜಾಗದಲ್ಲೇ ಈ ಪದವನ್ನು ನೇತುಹಾಕಿದ್ದೇವೆ ಎಂಬುದು ನನಗೆ ಹೊಳೆದದ್ದು ಅವತ್ತು ರಾತ್ರಿ.

ಸಾರಿಗೆ ಸಂಸ್ಥೆಯ ‘ಮುಂಗಡ ಆಸನ ಕಾಯ್ದಿರಿಸುವಿಕೆ’ಯಿಂದ ಈ ಪದ ನಮಗೆಲ್ಲ ಪರಿಚಿತ ಎಂದೇ ಹುಡುಗರು ಇದನ್ನು ಆರಿಸಿದ್ದರು. ಆದರೆ ಆ ಬೋರ್ಡಿನ ಕೆಳಗೆ ನಿಂತು ಯಾರೂ ‘ಒಂದು ಸೀಟು ಕಾಯ್ದಿರಿಸಿ’ ಎಂದದ್ದನ್ನು ನಾನು ಕೇಳಿಲ್ಲ. ಬೋರ್ಡು ಓದಲಿಕ್ಕೆ ಒಂದು ಕನ್ನಡ, ಕೌಂಟರಿನಲ್ಲಿ ಆಡಲಿಕ್ಕೆ ಇನ್ನೊಂದು. ಮೊದಲ ಕರಡಿನಲ್ಲಿ ‘ಮುಂಗಡ ಕಾಯ್ದಿರಿಸಿ’ ಎಂದಿತ್ತು. ಅದನ್ನು ನೋಡಿ ವೆಲ್ಡಿಂಗ್ ಅಂಗಡಿಯವರು ‘ಮುಂಗಡ ಎಷ್ಟು ಕೊಡಬೇಕ್ರಿ?’ ಎಂದು ಕೇಳಿದ್ದರು. ಅವರ ಬಾಯಲ್ಲಿ ಮುಂಗಡ ಎಂದರೆ ದುಡ್ಡು.

ಇದಕ್ಕಿಂತ ಆಳದ ಇನ್ನೊಂದು ಪ್ರಶ್ನೆಯನ್ನೂ ಬಡಿಗೇರರೇ ಎತ್ತಿದರು. ‘ಇದು ನನಗ ಹೇಳ್ತೈತೋ, ನಾ ಇದಕ್ಕ ಹೇಳಬೇಕೋ?’ ಯೋಚಿಸಿ ನೋಡಿ. ಸೀಟನ್ನು ಕಾಯ್ದು ಇಡುವವರು ಸಂಸ್ಥೆಯವರು, ಪ್ರಯಾಣಿಕರಲ್ಲ. ಹಾಗಿದ್ದರೆ ‘ಕಾಯ್ದಿರಿಸಿ’ ಎಂಬುದು ನಾವು ತಾಣಕ್ಕೆ ಮಾಡುವ ವಿನಂತಿ. ಆದರೆ ಅದೇ ಪುಟದಲ್ಲಿ ‘ದಿನಾಂಕ ಆರಿಸಿ’ ಎಂದಿದೆ, ಅದು ತಾಣ ನಮಗೆ ಹೇಳುವ ಮಾತು. ಎರಡಕ್ಕೂ ಒಂದೇ ‘-ಇಸಿ’. ಒಂದು ಪುಟದಲ್ಲಿ ಇಬ್ಬರು ಮಾತಾಡುತ್ತಿದ್ದಾರೆ, ಯಾರು ಯಾರಿಗೆ ಎಂಬ ಗುರುತಿಲ್ಲ. ಕೆಲವು ತಾಣಗಳು ‘ಹುಡುಕು’, ‘ಉಳಿಸು’ ಎಂದು ಏಕವಚನ ಇಡುತ್ತವೆ. ಅಲ್ಲಿ ಮಾತಾಡುವವರು ನಾವು, ಕೇಳುವುದು ತಾಣ ಎಂಬುದು ಸ್ಪಷ್ಟ. ನನಗೆ ಅದೇ ಸರಿ ಎನ್ನಿಸುತ್ತದೆ, ಆದರೆ ನಮ್ಮ ಇನ್‌ಸ್ಟ್ರಕ್ಟರಿಗೆ ಆ ಏಕವಚನ ಒರಟಾಗಿ ಕಂಡಿತು. ಈ ಬಗ್ಗೆ ನಿಮ್ಮಲ್ಲಿ ತಾಣಗಳ ಅನುವಾದ ಮಾಡಿದವರ ಅನುಭವ ತಿಳಿಯಬೇಕು.

ಆಮೇಲೆ ನಾವು ಹಳೆಯ ನೋಟ್‌ಬುಕ್ಕಿನ ಹತ್ತಿರ ಹೋದೆವು. ಎರಡು ಶನಿವಾರ ಒಬ್ಬ ಹುಡುಗ ಕಿಟಕಿಯ ಪಕ್ಕ ಕೂತು, ಜನ ಏನು ಹೇಳಿ ಯಂತ್ರ ಕೇಳುತ್ತಾರೆ ಎಂದು ಹಾಗ್ಹಾಗೇ ಬರೆದುಕೊಂಡ. ‘ಲೇತಿಗೆ ನಂದೊಂದು ಹೆಸರು ಬರೀರಿ.’ ‘ಹತ್ತಕ್ಕ ನಮ್ಮ ಪಾಳಿ ಹಾಕ್ರಿ.’ ‘ಲೇಸರ್ ಹಿಡಿದಿಡ್ರಿ.’ ಒಬ್ಬ ವಿದ್ಯಾರ್ಥಿ ಮಾತ್ರ ‘ಸ್ಲಾಟ್ ಬುಕ್ ಮಾಡ್ರಿ’ ಎಂದ. ಇಷ್ಟು ಜೀವಂತ ಮಾತು ಕಿಟಕಿಯಲ್ಲೇ ಇರುವಾಗ ನಾವು ಬಸ್ ಸ್ಟ್ಯಾಂಡಿನ ಬೋರ್ಡಿಗೆ ಯಾಕೆ ಹೋದೆವು ಎಂದು ಬೇಸರವಾಯಿತು.

ಮೊದಲು ‘ಹೆಸರು ಬರೆಯಿರಿ’ ಎಂದು ಹಾಕಿ ತೋರಿಸಿದೆವು. ಇಬ್ಬರು ಹೆಸರು ಟೈಪ್ ಮಾಡಲು ಖಾಲಿ ಚೌಕ ಹುಡುಕಿದರು. ‘ಹೆಸರು ಬರೆಸಿ’ ಎಂದು ತಿದ್ದಿದೆವು. ‘-ಇಸು’ ಸೇರಿದ ಕೂಡಲೇ ಬರೆಯುವವರು ಬೇರೆಯವರು ಎಂಬುದು ತಿಳಿಯುತ್ತದೆ. ಕನ್ನಡದ ಈ ಪ್ರತ್ಯಯ ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ. ಆದರೆ ಒಬ್ಬರು ಅದನ್ನು ಕೋರ್ಸಿಗೆ ಸೇರುವುದು ಎಂದು ತಿಳಿದರು. ನಮ್ಮ ಕಡೆ ಮಗುವನ್ನು ಸಾಲಿಗೆ, ಅಂದರೆ ಶಾಲೆಗೆ, ಸೇರಿಸುವುದಕ್ಕೂ ‘ಹೆಸರು ಹಚ್ಚೋದು’ ಎನ್ನುತ್ತಾರಲ್ಲ, ಅದರ ನೆರಳು.

ನನ್ನ ಮನಸ್ಸು ‘ಪಾಳಿ’ಯ ಕಡೆ ವಾಲಿದೆ. ‘ನಿಮ್ಮ ಪಾಳಿ: ಶನಿವಾರ, 10ರಿಂದ 11’ ಎಂಬ ಸಾಲನ್ನು ಓದಿ ಎಲ್ಲ ಐವರೂ ತಲೆಯಾಡಿಸಿದರು. ಇದರಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ಪಾಳಿ ಎಂದಾಗ ನಿಮ್ಮ ಹಿಂದೆ ಇನ್ನೊಬ್ಬರಿದ್ದಾರೆ ಎಂಬುದು ಪದದೊಳಗೇ ಇದೆ. ‘ಮೀಸಲು’ ಎಂದಾಗ ಆ ಭಾವ ಇಲ್ಲ, ಅದು ಬೇರೆ ಯಾರೂ ಮುಟ್ಟಬಾರದ್ದು. ಎಲ್ಲರೂ ಹಂಚಿಕೊಳ್ಳುವ ಯಂತ್ರಕ್ಕೆ ಪಾಳಿಯೇ ತಕ್ಕದ್ದು. ಆದರೆ ಮೈಸೂರು, ಬೆಂಗಳೂರಿನವರಿಗೆ ಪಾಳಿ ಎಂದರೆ ಕಾರ್ಖಾನೆಯ ರಾತ್ರಿ ಪಾಳಿ, ಹಗಲು ಪಾಳಿ ಎಂದೇ ಮೊದಲು ತೋರುತ್ತದೆಯೇ? ಅಲ್ಲಿ ‘ಸರದಿ’ ನಡೆಯುತ್ತದೆಯೇ? ಕೋಲಾರ, ತುಮಕೂರಿನ ಕೆರೆ ಬಯಲಿನವರನ್ನು ವಿಶೇಷವಾಗಿ ಕೇಳುತ್ತೇನೆ: ನೀರುಗಂಟಿ ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುವಾಗ ‘ಈಗ ನಮ್ಮದು’ ಎನ್ನಲು ನಿಮ್ಮ ಹಿರಿಯರು ಯಾವ ಮಾತು ಆಡುತ್ತಿದ್ದರು? ಒಂದೇ ವಸ್ತುವನ್ನು ಹಲವರು ಹೊತ್ತು ಹಂಚಿಕೊಂಡು ಬಳಸುವ ಲೆಕ್ಕ ನಮಗೆ ಹೊಸದಲ್ಲ, ಅದಕ್ಕೆ ಪದಗಳು ಇದ್ದೇ ಇರಬೇಕು.

‘ಗೊತ್ತು ಮಾಡು’ ನನಗೆ ಬಹಳ ಇಷ್ಟ. ಗಾಡಿ ಗೊತ್ತು ಮಾಡುತ್ತೇವೆ, ಛತ್ರ ಗೊತ್ತು ಮಾಡುತ್ತೇವೆ. ಹುಡುಗರು ಮಾತ್ರ ‘ಗೊತ್ತು ಅಂದ್ರ ತಿಳಿಯೋದಲ್ರಿ?’ ಎಂದರು. ಅವರ ತಲೆಮಾರಿಗೆ ಆ ಅರ್ಥ ಜಾರಿಹೋಗಿದೆಯೇ, ಅಥವಾ ನಮ್ಮ ಕಡೆ ಮಾತ್ರ ಹೀಗೆಯೇ?

ಇನ್ನೆರಡು ಸಣ್ಣ ಸಂಗತಿ. ಯಂತ್ರದ ಮುಂದೆ ‘ಖಾಲಿ’ ಎಂದು ಹಾಕಿದ್ದೆವು. ಸೀಟು ಖಾಲಿ ಎಂದರೆ ಸಿಗುತ್ತದೆ, ಹಾಲು ಖಾಲಿ ಎಂದರೆ ಸಿಗುವುದಿಲ್ಲ. 3ಡಿ ಪ್ರಿಂಟರ್ ಖಾಲಿ ಎಂದು ಕಂಡಾಗ ಒಬ್ಬ ಹುಡುಗ ಒಳಗಿನ ಪ್ಲಾಸ್ಟಿಕ್ ಎಳೆ ಮುಗಿದಿದೆ ಎಂದುಕೊಂಡ. ಈಗ ‘ಬಿಡುವಿದೆ’ ಎಂದು ಮಾಡಿದ್ದೇವೆ. ‘ರದ್ದು ಮಾಡಿ’ ಬದಲು ‘ಬಿಟ್ಟುಕೊಡಿ’ ಎಂದಿದ್ದೇವೆ, ಬಿಟ್ಟದ್ದು ಇನ್ನೊಬ್ಬರಿಗೆ ಸಿಗುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ.

ಕೊನೆಯದು ವರದಿಯ ತಲೆಬರಹ. ಹುಡುಗರು ‘ಬಳಕೆದಾರ ಪರೀಕ್ಷೆ’ ಎಂದು ಬರೆದಿದ್ದಾರೆ. ವೆಲ್ಡಿಂಗ್ ಅಂಗಡಿಯವರನ್ನು ಹೀಗೆ ಹೇಳಿಯೇ ಕರೆದಾಗ ಅವರು ಮೊದಲು ಬರಲು ಒಪ್ಪಲಿಲ್ಲ. ‘ಪರೀಕ್ಷಾ ಅಂದ್ರ ನಾ ಒಲ್ಲೆರಿ, ಏಳನೇತ್ತಕ್ಕ ಸಾಲಿ ಬಿಟ್ಟಾಂವ ನಾ.’ ಅದನ್ನು ಕೇಳಿ ನನಗೆ ಸಂಕಟವಾಯಿತು. ಪರೀಕ್ಷೆಗೆ ನಿಂತದ್ದು ನಮ್ಮ ವೆಬ್‌ಸೈಟು, ಆದರೆ ನಮ್ಮ ಸಮಾಸ ಅವರನ್ನು ಬೆಂಚಿನ ಮೇಲೆ ಕೂರಿಸಿತು. ಸೂಚನೆಯ ಹಾಳೆಯಲ್ಲೂ ಹೀಗೆಯೇ ಒಂದು ಎಡವಟ್ಟು ಆಗಿತ್ತು. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ ಎನ್ನಬೇಕಾದಲ್ಲಿ ‘ಗಟ್ಟಿಯಾಗಿ ಯೋಚಿಸಿ’ ಎಂದು ಬರೆದಿದ್ದರು. ಓದಿದವರು ಹುಬ್ಬು ಗಂಟಿಕ್ಕಿ ಇನ್ನಷ್ಟು ಮೌನವಾದರು.

ಕನ್ನಡದಲ್ಲಿ ಇದಕ್ಕೆ ‘ನೋಡು’ ಇದೆ. ತಿಂದು ನೋಡು, ಉಟ್ಟು ನೋಡು, ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’. ಇಲ್ಲಿ ನೋಡುವವರು ಬಳಸುವವರೇ, ತೀರ್ಪೂ ಅವರದೇ. ‘ಬಂದು ಬಳಸಿ ನೋಡ್ರಿ’ ಎಂದು ಕರೆದ ಮೇಲೆ ಅವರು ನಗುತ್ತ ಬಂದರು. ಆದರೆ ಇದನ್ನು ತಲೆಬರಹಕ್ಕೆ ಹೊಂದುವ ನಾಮಪದ ಮಾಡುವುದು ಹೇಗೆ? ‘ಬಳಸಿನೋಟ’ ಎಂದು ಒಬ್ಬಳು ಕಟ್ಟಿದ್ದಾಳೆ. ವ್ಯಾಕರಣ ಬಲ್ಲವರು ಅದು ನಿಲ್ಲುತ್ತದೆಯೇ ಹೇಳಬೇಕು.

ಮುಂದಿನ ಶನಿವಾರ ಇನ್ನೈದು ಜನ ಬರುತ್ತಾರೆ. ಶುಕ್ರವಾರದೊಳಗೆ ನೀವು ಬರೆದ ಮಾತುಗಳನ್ನೆಲ್ಲ ಅದೇ ಹಸಿರು ಬಟನ್ ಮೇಲೆ ಒಂದೊಂದಾಗಿ ಹಾಕಿ ತೋರಿಸುತ್ತೇವೆ. ಬಡಿಗೇರರೂ ಮತ್ತೆ ಬರುವುದಾಗಿ ಹೇಳಿದ್ದಾರೆ.