ಹೆಗ್ಗಡೆ, ಹೆಗಡೆ, ಹೆಗ್ಡೆ: ಒಂದೇ ಪದವೇ?

ಶಿರಸಿ, ಸಿದ್ದಾಪುರದ ಹವ್ಯಕರಲ್ಲಿ ಹೆಗಡೆ ಇದ್ದಾರೆ. ಉಡುಪಿ, ಕಾರ್ಕಳದ ಬಂಟರಲ್ಲಿ ಹೆಗ್ಡೆ ಇದ್ದಾರೆ. ಧರ್ಮಸ್ಥಳದ ಜೈನ ಮನೆತನದವರು ಹೆಗ್ಗಡೆ. ಮೂರೂ ಒಂದೇ ಪದವೇ? ಹಾಗಿದ್ದರೆ ಇವರೆಲ್ಲ ಹಿಂದೆ ಒಂದೇ ಬಳಗದವರೇ? ಮೊದಲನೆಯ ಪ್ರಶ್ನೆಗೆ ಹೌದು. ಎರಡನೆಯದಕ್ಕೆ ಅಡ್ಡಹೆಸರೊಂದನ್ನೇ ಹಿಡಿದು ಹೌದೆನ್ನಲು ಬರುವುದಿಲ್ಲ.

ಶಾಸನಗಳ ಹಳಗನ್ನಡ ರೂಪ ‘ಪೆರ್ಗಡೆ’. ‘ಪೆರ್’ ಎಂದರೆ ಹಿರಿದು. ಪೆರ್ಮರ ಹೆಮ್ಮರವಾದ, ಪೆರ್ಬಾಗಿಲ್ ಹೆಬ್ಬಾಗಿಲಾದ ದಾರಿಯಲ್ಲೇ ಪೆರ್ಗಡೆ ಹೆಗ್ಗಡೆಯಾಯಿತು: ಪಕಾರ ಹಕಾರಕ್ಕೆ ತಿರುಗಿತು, ರಕಾರ ಮುಂದಿನ ವ್ಯಂಜನದಲ್ಲಿ ಸೇರಿಹೋಯಿತು. ಹೆಬ್ಬಾರ್ ಎಂಬ ಅಡ್ಡಹೆಸರೂ ಇದೇ ಅಚ್ಚಿನದು; ಹಿರಿಯ ಹಾರುವ, ಹೆಬ್ಬಾರುವ. ಮುಂದೆ ಒತ್ತು ಸಡಿಲಿ ಉತ್ತರ ಕನ್ನಡದಲ್ಲಿ ಹೆಗಡೆ, ನಡುವಿನ ಸ್ವರ ಬಿದ್ದು ತೆಂಕಣ ಕರಾವಳಿಯಲ್ಲಿ ಹೆಗ್ಡೆ. ಧರ್ಮಸ್ಥಳದ ಸ್ಥಳಕಥೆಯಲ್ಲಿ ಬರುವ ನೆಲ್ಯಾಡಿ ಬೀಡಿನ ಯಜಮಾನನಂತೂ ಇಂದಿಗೂ ಬಿರ್ಮಣ್ಣ ಪೆರ್ಗಡೆಯೇ. ಹುಲಿಯನ್ನು ‘ಪಿಲಿ’ ಎನ್ನುವ ತುಳುವರ ನಾಡಿನಲ್ಲಿ ಪಕಾರ ಉಳಿಯದೆ ಇನ್ನೆಲ್ಲಿ ಉಳಿದೀತು!

ತೆಲುಗಿಗೆ ಹೋದರೆ ಇದೇ ಪದ ‘ಪ್ರೆಗ್ಗಡ’, ‘ಪ್ರಗಡ’. ಅಲ್ಲಿ ಮಂತ್ರಿ ಎಂಬ ಅರ್ಥ. ತೆಲುಗು ಮಹಾಭಾರತದಲ್ಲಿ ಕವಿ ನನ್ನಯ ಅರ್ಧಕ್ಕೆ ಬಿಟ್ಟ ಅರಣ್ಯಪರ್ವವನ್ನು ಪೂರ್ತಿ ಮಾಡಿದ 14ನೆಯ ಶತಮಾನದ ಎರ‍್ರನನ್ನು ಎರ‍್ರಾಪ್ರಗಡ ಎಂದು ಕರೆಯುವುದು ಇದರಿಂದಲೇ. ನಮ್ಮ ಹೆಗಡೆಯವರಿಗೆ ಇಂಥ ಕವಿಯೊಬ್ಬ ಹೆಸರಿನ ನಂಟನೆಂದು ತಿಳಿದರೆ ಸಂತೋಷವಾಗಬಹುದು.

ಪೆರ್ಗಡೆ ಮೊದಲಿಗೆ ಕುಲದ ಹೆಸರಲ್ಲ, ಹುದ್ದೆಯ ಹೆಸರು. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಅರಮನೆಯ ಮೇಲ್ವಿಚಾರಣೆ ನೋಡುವವನು ‘ಮನೆವೆರ್ಗಡೆ’, ಸುಂಕದ ಅಧಿಕಾರಿ ‘ಸುಂಕವೆರ್ಗಡೆ’. (ಈ ವಕಾರ ಕಂಡು ಬೇರೆ ಪದವೆಂದು ತಿಳಿಯಬೇಡಿ. ಬೆಮರ್ ಮತ್ತು ಪನಿ ಸೇರಿ ಬೆಮರ್ವನಿಯಾದ ಹಾಗೆ ಇದೂ ಆದೇಶಸಂಧಿ.) ಹುದ್ದೆ ಯಾರ ಕೈಗೆ ಬಂದಿತೋ ಹೆಸರು ಅವರ ಮನೆಗೆ ಅಂಟಿಕೊಂಡಿತು. ಅದಕ್ಕೇ ಹವ್ಯಕರಲ್ಲಿಯೂ ಬಂಟರಲ್ಲಿಯೂ ಜೈನರಲ್ಲಿಯೂ ಅದು ಇದೆ. ಕೊಡಗಿನಲ್ಲಿ ಹೆಗ್ಗಡೆ ಎಂಬುದು ಒಂದು ಸಮುದಾಯದ ಹೆಸರೇ ಆಗಿದೆ. ಸಿದ್ದಾಪುರ ತಾಲ್ಲೂಕಿನವರಾದ ರಾಮಕೃಷ್ಣ ಹೆಗಡೆ, ಲೋಕಸಭೆಯ ಸಭಾಧ್ಯಕ್ಷರಾಗಿದ್ದ ಕೆ. ಎಸ್. ಹೆಗ್ಡೆ ಇಬ್ಬರನ್ನೂ ಒಂದೇ ವಂಶವೃಕ್ಷದಲ್ಲಿ ಕೂರಿಸಲು ಹೊರಡುವವರು ಪಟೇಲರನ್ನೆಲ್ಲ ಅಣ್ಣತಮ್ಮಂದಿರೆಂದು ಬಗೆದಂತೆ.

ಹುದ್ದೆಯ ಹೆಸರು ಅಡ್ಡಹೆಸರಾಗಿ ಗಟ್ಟಿಯಾಯಿತೇ ಎಂದು ತಿಳಿಯಲು ಒಳ್ಳೆಯ ಒರೆಗಲ್ಲು ಅದರ ಸ್ತ್ರೀಲಿಂಗ ರೂಪ ಎನ್ನುವುದು ನನ್ನ ಎಣಿಕೆ. ಪದವಿಯಾಗಿದ್ದಾಗ ಗೌಡನಿಗೆ ಗೌಡತಿ, ಬಲ್ಲಾಳನಿಗೆ ಬಲ್ಲಾಳ್ತಿ ಇರುವಂತೆ ಹೆಗ್ಗಡೆಗೆ ಹೆಗ್ಗಡಿತಿ ಇದ್ದಳು. ಕುವೆಂಪು ಅವರು 1936ರಲ್ಲಿ ತಮ್ಮ ಕಾದಂಬರಿಯ ಸುಬ್ಬಮ್ಮನನ್ನು ‘ಕಾನೂರು ಹೆಗ್ಗಡಿತಿ’ ಎಂದರು. ಆಕೆ ಮಲೆನಾಡಿನ ಒಕ್ಕಲಿಗ ಮನೆಯ ಯಜಮಾನಿ; ಅಲ್ಲಿ ಹೆಗ್ಗಡೆತನ ಇನ್ನೂ ಮನೆಯ ಅಂತಸ್ತು. ಇಂದು ಶಾಲೆಯ ದಾಖಲೆಯಲ್ಲಿ, ಪಾಸ್‌ಪೋರ್ಟಿನಲ್ಲಿ ಹೆಣ್ಣುಮಕ್ಕಳೂ ಹೆಗಡೆ, ಹೆಗ್ಡೆ ಎಂದೇ ಬರೆಸುತ್ತಾರೆ. ಲಿಂಗಭೇದ ಅಳಿದಿದೆ, ಪದ ಪೂರ್ತಿ ಅಡ್ಡಹೆಸರಾಗಿದೆ.

ಬರಹದಲ್ಲಿ ಹೀಗಾದರೂ ಮಾತಿನಲ್ಲಿ ಹೇಗೋ. ತೀರ್ಥಹಳ್ಳಿ, ಕೊಪ್ಪದ ಕಡೆಯವರು, ಘಟ್ಟದ ಕೆಳಗಿನವರು ತಿಳಿಸಬೇಕು: ನಿಮ್ಮಲ್ಲಿ ಹಿರಿಯರು ಈಗಲೂ ಯಾರನ್ನಾದರೂ ‘ಹೆಗ್ಗಡಿತಿ’ ಎಂದು ಕರೆಯುತ್ತಾರೆಯೇ? ಕರೆಯುವುದಾದರೆ ಹೆಗ್ಗಡೆಯ ಹೆಂಡತಿಯನ್ನು ಮಾತ್ರವೇ, ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳನ್ನೂ ಹಾಗೆನ್ನುವುದುಂಟೇ?